ನಿರ್ವಾಹಕಿಯ ಸೀಟಿನ ಮೇಲಿದ್ದ ಹಳದಿ ಗುರುತು

ವೇದಿಕೆಯ ಮೇಲಿರುವ ಅಧ್ಯಕ್ಷರಿಗೆ, ನಮ್ಮ ಡಿಪೋ ಮ್ಯಾನೇಜರ್ ಸಾಹೇಬರಿಗೆ, ಮುಖ್ಯ ಅತಿಥಿಗಳಿಗೆ, ಚಾಲಕರು, ನಿರ್ವಾಹಕರು, ಮೆಕ್ಯಾನಿಕ್ಕುಗಳು ಹಾಗೂ ಅವರ ಮನೆಯವರೆಲ್ಲ ಸೇರಿರುವ ಸಭಿಕರಿಗೆ, ಮೊದಲ ಸಾಲಿನ ತುದಿಯಲ್ಲಿ ಕುಳಿತು ‘ಬೇಗ ಮುಗಿಸಿ’ ಎಂದು ಕಣ್ಣಲ್ಲೇ ಹೇಳುತ್ತಿರುವ ನನ್ನ ಹೆಂಡತಿಗೆ, ಎಲ್ಲರಿಗೂ ವಂದನೆಗಳು.

ಸನ್ಮಾನ ಪಡೆದವರ ಮನೆಯವರು ಎರಡು ಮಾತಾಡಬೇಕು ಎಂದು ಸಾಹೇಬರು ಹೇಳಿದರು. ನಾನು ಇದೇ ಡಿಪೋದ ಪೇಂಟರ್. ಬಸ್ಸಿನ ಮೇಲೆ ಅಕ್ಷರ ಬರೆದು ಅಭ್ಯಾಸವೇ ಹೊರತು ಮಾತಾಡಿ ಅಭ್ಯಾಸವಿಲ್ಲ. ಓದಿದ್ದು ನಾಲ್ಕನೆಯ ತರಗತಿ. ತಪ್ಪಿದರೆ ನಕ್ಕುಬಿಡಿ, ನನಗೂ ಧೈರ್ಯ ಬರುತ್ತದೆ.

ಆ ಕಾಯಿಲೆಯ ಕಾಲ ನೆನಪಿದೆಯಲ್ಲವೇ? ಬಸ್ಸುಗಳು ಮತ್ತೆ ಓಡಬೇಕಾದರೆ ಎಷ್ಟು ಕೆಲಸ! ಚಾಲಕರ ಬೆನ್ನ ಹಿಂದೆ ಪ್ಲಾಸ್ಟಿಕ್ ಪರದೆ ಕಟ್ಟಿದೆವು. ಯಾರೂ ಮುಚ್ಚದಂತೆ ಕಿಟಕಿಗಳಿಗೆ ಮರದ ತುಂಡು ಸಿಕ್ಕಿಸಿದೆವು. ಕೈಗೆ ಹಾಕುವ ಔಷಧದ ಬಾಟಲಿಯನ್ನು ಯಾರೂ ಒಯ್ಯದಂತೆ ತಂತಿಯಲ್ಲಿ ಬಿಗಿದೆವು. ಆದರೂ ಒಬ್ಬರು ಬಾಟಲಿ ಬಿಟ್ಟು ಮುಚ್ಚಳ ಒಯ್ದರು. ಮುಚ್ಚಳದಿಂದ ಏನು ಮಾಡಿದರೋ ದೇವರೇ ಬಲ್ಲ.

ಪೇಂಟರುಗಳಾದ ನಮ್ಮಿಬ್ಬರ ಪಾಲಿಗೆ ಬಂದದ್ದು ಸೀಟು. ಮುಂದಿನ ಬಾಗಿಲಿನಿಂದ ಶುರು ಮಾಡಿ, ಒಂದು ಬಿಟ್ಟು ಒಂದಕ್ಕೆ ಹಳದಿ ಅಡ್ಡಗುರುತು ಬಳಿಯಬೇಕು. ಗುರುತಿದ್ದ ಕಡೆ ಯಾರೂ ಕೂರುವಂತಿಲ್ಲ. ಎರಡು ದಿನದಲ್ಲಿ ನನ್ನ ಪಾಲಿಗೆ ಮೂವತ್ತೇಳು ಬಸ್ಸು. ಮೂವತ್ತಾರಕ್ಕೆ ಸರಿಯಾಗಿ ಬಳಿದೆ. ಕೊನೆಯದಕ್ಕೆ ಬರುವಷ್ಟರಲ್ಲಿ ಸೊಂಟ ಹಿಡಿದಿತ್ತು. ಹತ್ತಿರವಿದ್ದ ಹಿಂದಿನ ಬಾಗಿಲಿನಿಂದಲೇ ಶುರು ಮಾಡಿದೆ. ಮೊದಲ ಗುರುತು ಬಿದ್ದದ್ದು ನಿರ್ವಾಹಕರ ಸೀಟಿನ ಮೇಲೆ.

ಆ ಬಸ್ಸಿನ ನಿರ್ವಾಹಕಿ ಯಾರು? ನನ್ನ ಹೆಂಡತಿ!

ಹೌದು ಸಭಿಕರೇ. ಈಗಷ್ಟೇ ಓದಿದ ಸನ್ಮಾನ ಪತ್ರದಲ್ಲಿ ‘ಪ್ರಯಾಣಿಕರ ಸುರಕ್ಷತೆಗಾಗಿ ಏಳು ತಿಂಗಳು ತಮ್ಮ ಆಸನವನ್ನೇ ತ್ಯಾಗ ಮಾಡಿದವರು’ ಎಂದಿತ್ತು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನೂ ತಟ್ಟಿದೆ. ತಟ್ಟುತ್ತ ತಟ್ಟುತ್ತ ಬೆವರಿದೆ.

ನಡೆದದ್ದು ಹೀಗೆ. ಮೊದಲ ದಿನ ದಪ್ಪನೆಯ ದರ್ಜಿಯೊಬ್ಬರು ಗುರುತಿನ ಮೇಲೆಯೇ ಕುಳಿತರು. ಇವಳು ಏಳಿ ಎಂದಳು. ಅವರು, “ಮೇಡಂ, ತಾವು ಕೂತಿರೋದು ಯಾವುದರ ಮೇಲೆ?” ಎಂದರು. ಬಸ್ಸೆಲ್ಲ ನಕ್ಕಿತು. ಇವಳು ಕೆಳಗೆ ನೋಡಿದಳು, ಎದ್ದಳು. “ಸರಿ, ನಾನು ಎದ್ದೆ. ಈಗ ನೀವು ಏಳಿ.” ಅವರು ಎದ್ದರು. ಇವಳು ಮತ್ತೆ ಏಳು ತಿಂಗಳು ಕೂರಲಿಲ್ಲ.

ಆ ಸಂಜೆ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟು, “ರೀ, ಯಾವನ್ರೀ ಅವನು ಕಣ್ಣು ಮುಚ್ಕೊಂಡು ಬಳಿದಿರೋನು?” ಎಂದು ಕೇಳಿದಳು. ಅವಳ ದನಿ ಹೇಗಿತ್ತೆಂದರೆ, ನನ್ನ ಬಾಯಿಂದ ತಾನಾಗಿ ಬಂತು, “ದೊಡ್ಡ ಪೇಂಟರ್ ಇರಬೇಕು ಕಣೇ.”

ದೊಡ್ಡ ಪೇಂಟರ್ ಎಂದರೆ ನನಗೆ ಕುಂಚ ಹಿಡಿಯುವುದನ್ನು ಕಲಿಸಿದ ಅಣ್ಣ. ಒಡಹುಟ್ಟಿದವರಲ್ಲ, ಅದಕ್ಕಿಂತ ಹೆಚ್ಚು.

ಮರುದಿನ ಡಬ್ಬಿ ಹಿಡಿದು ಗುರುತು ಅಳಿಸಲು ಹೋದೆ. ಇವಳು ಬಿಡಲಿಲ್ಲ. “ನನ್ನದು ಅಳಿಸಿದ್ರೆ ಎಲ್ಲರೂ ತಮ್ಮದೂ ಅಳಿಸು ಅಂತಾರೆ. ಗುರುತು ಅಂದ್ಮೇಲೆ ಗುರುತು. ನೀವು ಹೋಗ್ರಿ” ಎಂದಳು. ನಾನು ಹೋದೆ. ಅವಳು ನೆಟ್ಟಗೆ ಡಿಪೋ ಗೇಟಿಗೆ ಹೋಗಿ, ಎಲ್ಲರೆದುರು ಅಣ್ಣನನ್ನು ತರಾಟೆಗೆ ತೆಗೆದುಕೊಂಡಳು.

ಅಣ್ಣ ಅವಳ ಹೆಗಲ ಮೇಲಿಂದ ನನ್ನನ್ನು ನೋಡಿದರು. ನಾನು ಟೈರಿನ ಹಿಂದೆ ನಿಂತಿದ್ದೆ. ನನ್ನ ಕೆಲಸ ಆಗಿನ್ನೂ ಕಾಯಂ ಆಗಿರಲಿಲ್ಲ, ಅದು ಅವರಿಗೆ ಗೊತ್ತು. ಕುಂಚ ಒರೆಸಿಕೊಂಡು, “ತಪ್ಪಾಯ್ತು ತಂಗಿ. ವಯಸ್ಸಾಯ್ತು, ಕಣ್ಣು ಮಂಜು” ಎಂದರು. ಅವರ ಕಣ್ಣು ಎಷ್ಟು ಚುರುಕೆಂದರೆ, ನಾನು ಬರೆದ ಅಕ್ಷರ ಕೂದಲೆಳೆಯಷ್ಟು ವಾಲಿದರೂ ಗೇಟಿನಿಂದಲೇ ಕೂಗುತ್ತಾರೆ!

ಅಂದಿನಿಂದ ನನ್ನ ಹೆಂಡತಿ ಅವರೊಂದಿಗೆ ಮಾತು ಬಿಟ್ಟಿದ್ದಾಳೆ. ಮೂರು ವರ್ಷ. ಅವರ ಮಗಳ ಮದುವೆಗೆ ನಾನೊಬ್ಬನೇ ಹೋದೆ. “ತಂಗಿ ಬರಲಿಲ್ವಾ ತಮ್ಮಾ?” ಎಂದರು. ತಲೆನೋವು ಎಂದೆ. ಇನ್ನೊಂದು ಸುಳ್ಳು. ಹೇಳೋಣ ಹೇಳೋಣ ಎನ್ನುತ್ತಲೇ ದಿನ ದೂಡಿದೆ. ಅಣ್ಣ ಬರುವ ತಿಂಗಳು ನಿವೃತ್ತರಾಗುತ್ತಾರೆ. ನನ್ನ ತಪ್ಪನ್ನು ಹೊತ್ತುಕೊಂಡು ಅವರು ಆ ಗೇಟು ದಾಟಬೇಕೇ? ದಾಟಿದ ಮೇಲೆ ನಾನು ಯಾವ ಮುಖ ಹೊತ್ತು ಕುಂಚ ಹಿಡಿಯಲಿ?

ಮನೆಯಲ್ಲಿ ಇವಳಿಗೆ ಹೇಳುವ ಧೈರ್ಯವಿಲ್ಲದೆ ಇಷ್ಟು ಜನರ ನಡುವೆ ಹೇಳುತ್ತಿದ್ದೇನೆ. ಇಲ್ಲಾದರೆ ಅಡ್ಡ ಬರಲು ನೀವಿದ್ದೀರಿ.

ಅಧ್ಯಕ್ಷರೇ, ಪ್ರಶಸ್ತಿಯನ್ನು ವಾಪಸು ಪಡೆಯಬೇಡಿ. ಸನ್ಮಾನ ಪತ್ರದ ಮಾತನ್ನಷ್ಟೇ ತಿದ್ದಿಸಿ. ಅವಳು ತ್ಯಾಗಕ್ಕೆಂದು ನಿಲ್ಲಲಿಲ್ಲ. ಜನರಿಗೆ ಹೇಳಿದ ನಿಯಮ ತನಗೂ ಇದೆ ಎಂದು ನಿಂತಳು. ಅವಳು ನಿಂತಿದ್ದಾಳೆಂದೇ ಆ ಬಸ್ಸಿನಲ್ಲಿ ಯಾರೂ ಗುರುತಿನ ಮೇಲೆ ಕೂರಲಿಲ್ಲ. ಇದು ತ್ಯಾಗಕ್ಕಿಂತ ದೊಡ್ಡದಲ್ಲವೇ?

ಇನ್ನು ನಿನಗೊಂದು ಮಾತು ಕಣೇ. ಬಳಿದವನು ನಾನು. ಬೈಸಿಕೊಂಡವರು ಅಣ್ಣ. ಮೂರನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದಾರೆ ನೋಡು. ಪಕ್ಕದ ಕುರ್ಚಿ ಖಾಲಿ ಇದೆ.

ಎದ್ದಳು. ಅಧ್ಯಕ್ಷರೇ, ಸ್ವಲ್ಪ ನನ್ನ ಹತ್ತಿರ ಬನ್ನಿ. ವೇದಿಕೆಯ ಕಡೆಗೇ ಬರುತ್ತಿದ್ದಾಳೆ... ಇಲ್ಲ, ತಿರುಗಿದಳು. ಮೂರನೆಯ ಸಾಲಿಗೆ ಹೋದಳು. ದಯವಿಟ್ಟು ಕಾಲು ಸರಿಸಿ, ದಾರಿ ಬಿಡಿ. ಕುಳಿತಳು. ಅಣ್ಣನ ಕೈ ಹಿಡಿದುಕೊಂಡು ಏನೋ ಹೇಳುತ್ತಿದ್ದಾಳೆ. ಅಣ್ಣ ನಗುತ್ತಿದ್ದಾರೆ. ಇಲ್ಲಿಗೆ ಕೇಳಿಸುವುದಿಲ್ಲ, ಆದರೆ ಇಬ್ಬರೂ ಒಟ್ಟಿಗೆ ನನ್ನ ಕಡೆ ನೋಡಿದರು.

ಇಷ್ಟು ಹೊತ್ತು ನನ್ನ ಮಾತು ಕೇಳಿದ್ದಕ್ಕೆ ನಿಮ್ಮೆಲ್ಲರಿಗೂ ಧನ್ಯವಾದ. ಇನ್ನು ಅವರಿಬ್ಬರ ಮಾತನ್ನು ನಾನು ಕೇಳಬೇಕು. ಇಳಿಯುತ್ತೇನೆ. ನಮಸ್ಕಾರ.