ಸೆರಗಿನ ಗಂಟು

ಕೃಷ್ಣರಾಜಪುರದ ಮಕ್ಕಳ ಕ್ಲಿನಿಕ್ಕಿನಲ್ಲಿ ಮೊಮ್ಮಗಳ ಚುಚ್ಚುಮದ್ದಿಗೆ ಕಾದು ಕುಳಿತಿದ್ದ ಮುನಿಆಂಜನಪ್ಪನ ಕಿವಿ ಪಕ್ಕದ ಬೆಂಚಿನ ಜಗಳದತ್ತ ಹೊರಳಿತು. ಯಾದಗಿರಿ ಕಡೆಯಿಂದ ಗಾರೆಕೆಲಸಕ್ಕೆ ಬಂದ ಕಾವೇರಿ, ಅವಳ ಅತ್ತೆ ಸಾಬಮ್ಮ, ನಡುವೆ ಹೊಟ್ಟೆ ಉಬ್ಬಿದ ಎರಡು ವರ್ಷದ ಗಂಡುಕೂಸು.

"ಐದು ದಿನ ಆತು ಅತ್ತಿ, ಅಂವ ಹೊರಕಡಿಗೆ ಹೋಗಿ."

"ನಾ ಕುಂಡ್ಯಾಗ ಸಾಬೂನಿನ ಚೂರು ಇಡ್ತಿದ್ದೆ, ಸಲೀಸಾಗಿ ಹೋಗ್ತಿದ್ದ. ನೀನಽ ಬಿಡ್ಲಿಲ್ಲ."

"ಹೋದ ಸಲ ಕೈಕಾಲು ಒತ್ತಿ ಹಿಡಿದು ತುರುಕಿದ್ರಿ. ರಕ್ತ ಬಂತು. ಅವತ್ತಿಂದ ಹೆದರಿ ತಡ್ಕೋತಾನ."

"ನಿನ್ನ ಗಂಡಗೂ ಹಂಗಽ ಮಾಡೀನಿ. ಸತ್ತನೇನು?"

"ಹಾಲು, ಬಿಸ್ಕತ್ತು ಕಡಿಮಿ ಮಾಡಿ ಪಪ್ಪಾಯಿ, ಸೊಪ್ಪು, ಜೋಳದ ಗಂಜಿ ಕೊಡು ಅಂದಾರ ಡಾಕ್ಟ್ರು. ನಾ ಮಾಡಿಟ್ಟ ಗಂಜಿ ಎಲ್ಲಿ ಹೋತು?"

"ನಾಯಿಗೆ ಹಾಕ್ದೆ. ಇಂವ ಉಗುಳ್ತಾನ. ಹಾಲಿನ ಬಾಟ್ಲಿ ಕೊಟ್ರ ಸುಮ್ನಿರ್ತಾನ."

"ನಿಮ್ಮ ಸೆರಗಿನ ಗಂಟಿನಾಗ ಏನೈತಿ?"

"ಎಲಿ ಅಡಿಕಿ."

ಗಂಟನ್ನು ಮುಚ್ಚಿ ಹಿಡಿದ ಮುದುಕಿಯ ಮಣಿಕಟ್ಟನ್ನು ಕಾವೇರಿ ತಿರುಚಿದಳು. 'ಬಿಡಮ್ಮ, ವಯಸ್ಸಾದೋರು' ಎಂದು ಬಾಯಿಗೆ ಬಂದದ್ದನ್ನು ಮುನಿಆಂಜನಪ್ಪ ನುಂಗಿಕೊಂಡ. ಗಂಟು ಬಿಚ್ಚಿ ಸಾಬೂನಿನ ತುಂಡೊಂದು ನೆಲಕ್ಕೆ ಬಿತ್ತು. ಅದನ್ನು ಕಂಡದ್ದೇ ಕೂಸು ತೊಡೆ ಬಿಗಿಹಿಡಿದು ಚೀರತೊಡಗಿತು.

"ಇನ್ನೊಮ್ಮೆ ಅವನ್ನ ಮುಟ್ಟಿದ್ರ ಈ ಕೈ ಮುರೀತೀನಿ."

"ಮುರಿ. ನಾಳಿ ನೀ ಗಾರಿ ಹೊರಾಕ ಹೋದಾಗ ಕೂಸು ಯಾರು ನೋಡ್ತಾರ?"

"ಬೆನ್ನಿಗೆ ಕಟ್ಕೊಂಡು ಹೊರ್ತೀನಿ."

ನರ್ಸ್ ಕೂಸಿನ ಹೆಸರು ಕೂಗಿದಳು. ಕಾವೇರಿ ಕೂಸನ್ನೆತ್ತಿಕೊಂಡು ಒಳಹೋದಳು. ಮಣಿಕಟ್ಟು ಉಜ್ಜಿಕೊಳ್ಳುತ್ತ ಸಾಬಮ್ಮನೂ ಹಿಂದೆ ಹೋದಳು.

ಮುನಿಆಂಜನಪ್ಪ ಸಾಬೂನನ್ನು ಕಾಲಿನಿಂದ ಹತ್ತಿರಕ್ಕೆಳೆದು ನೋಡಿದ. ಅದರ ತುದಿಯನ್ನು ಪೆನ್ಸಿಲ್ಲಿನಂತೆ ಹೆರೆದು ಚೂಪು ಮಾಡಲಾಗಿತ್ತು.