ಬಾವಿಯತ್ತ ತಿರುಗಿದ ಕ್ಯಾಮೆರಾ

ಕಟ್ಟುಕತೆ ಬೇಕಾದವರು ಎದ್ದು ಹೋಗಿ ಮಲಗಬಹುದು. ಇದು ಪಕ್ಕದ ಮನೆಯವನಿಗೆ ಆದದ್ದು. ಯಾರಾದರೂ ದೆವ್ವ ಎಂದರೆ ಅವನು "ಫೋಟೊ ಇದೆಯಾ?" ಎನ್ನುತ್ತಿದ್ದ. ಅದಕ್ಕೇ ಜನ ಅವನಿಗೆ ಪುರಾವೆ ಎಂದು ಹೆಸರಿಟ್ಟಿದ್ದರು.

ಆ ರಾತ್ರಿ ಅವನು ಕೆಲಸ ಮುಗಿಸಿ ಹಾಳು ಬಾವಿಯ ಪಕ್ಕದ ಕಾಲುದಾರಿಯಲ್ಲಿ ಮನೆಗೆ ಹೊರಟಿದ್ದ. ಸುತ್ತಲಿನದೆಲ್ಲ ಒಂದು ಕಾಲಕ್ಕೆ ಉತ್ತು ಬಿತ್ತಿದ ಹೊಲ. ಒಂದು ಸಂಸ್ಥೆ ಅದನ್ನು ಕೊಂಡು, ಇದ್ದವರನ್ನು ಒಕ್ಕಲೆಬ್ಬಿಸಿ, ಮತ್ತೆ ಕಾಡಾಗಲಿ ಎಂದು ಬೇಲಿ ಹಾಕಿ ಬಿಟ್ಟಿತ್ತು. ಯಾವ ಪ್ರಾಣಿ ವಾಪಸು ಬಂತೆಂದು ತಿಳಿಯಲು ಮರಗಳಿಗೆ ಕ್ಯಾಮೆರಾ ಕಟ್ಟಿದ್ದರು. ಮೈ ಬಿಸಿಯಿರುವ ಏನೇ ಎದುರು ಹಾದರೂ ಅದು ತಾನಾಗಿ ಫೋಟೊ ತೆಗೆಯುತ್ತದೆ. ಅವನ್ನು ನೋಡಿಕೊಳ್ಳುವುದು ಪುರಾವೆಯ ಕೆಲಸ.

ನರಿ ಬಂತು, ಹಂದಿ ಬಂತು. ಬಾವಿ ಹತ್ತಿರದ ಕ್ಯಾಮೆರಾದಲ್ಲಿ ಮಾತ್ರ ಬಿಸಿಲಿಗೆ ಕಾದು ಗಾಳಿಗೆ ಅಲ್ಲಾಡುವ ಹುಲ್ಲು ಮತ್ತು ಬಾವಿಕಟ್ಟೆ. ಕಾಲುದಾರಿ ನೋಡಬೇಕಾದ ಅದನ್ನು ರಾತ್ರಿ ಯಾರೋ ಬಾವಿ ಕಡೆ ತಿರುಗಿಸುತ್ತಿದ್ದರು.

"ಇನ್ನೊಂದು ಸಲ ಬಾವಿ ಫೋಟೊ ತಂದ್ರೆ ನೀನೂ ಬರೋದು ಬೇಡ," ಎಂದಿದ್ದರು ಸಂಸ್ಥೆಯ ಮೇಡಂ.

ಯಾರೆಂದು ಅವನಿಗೆ ಖಾತ್ರಿಯಿತ್ತು. ಒಕ್ಕಲೆದ್ದವರಲ್ಲಿ ಅವನ ಅಕ್ಕನ ಗಂಡನೂ ಒಬ್ಬ. ಆ ಬಾವಿ ಭಾವನ ಮನೆತನದ್ದೇ. "ನನ್ನ ಹೊಲದಲ್ಲಿ ನರಿಗೆ ಜಾಗ ಇದೆ, ನನಗಿಲ್ಲ. ಅದರ ಫೋಟೊ ತೆಗೆದು ಹೊಟ್ಟೆ ಹೊರೀತೀಯಲ್ಲ, ನಾಚಿಕೆ ಆಗಲ್ವ?" ಎಂದು ಬೇಲಿಯಾಚೆಯಿಂದ ಕೇಳುತ್ತಿದ್ದ.

ಅವನನ್ನು ಹಿಡಿಯಲೆಂದೇ ಪುರಾವೆ ಅವತ್ತು ಎದುರು ಮರಕ್ಕೆ ಇನ್ನೊಂದು ಕ್ಯಾಮೆರಾ ಕಟ್ಟಿದ್ದ. ಕಟ್ಟಿದ ಮೇಲೆ ಸ್ವಿಚ್ಚನ್ನು ಪರೀಕ್ಷೆಗೆ ಹಾಕಿ ಎದುರು ನಡೆಯುವುದು ರೂಢಿ. ಆಗ ಕೆಂಪು ದೀಪ ಮಿನುಗುತ್ತದೆ, ಫೋಟೊ ಬೀಳುವುದಿಲ್ಲ. ಫೋಟೊ ಬೇಕಾದರೆ ಆಮೇಲೆ ಸ್ವಿಚ್ ಬದಲಿಸಬೇಕು.

ಬಾವಿ ದಾಟುವಾಗ ಕತ್ತಲಲ್ಲಿ ಎದುರು ಮರದ ಕೆಂಪು ದೀಪ ಮಿನುಗಿತು... ಅವನು ಹಣೆ ಚಚ್ಚಿಕೊಂಡ. ಸ್ವಿಚ್ ಬದಲಿಸುವುದು ಮರೆತಿದ್ದ.

ನಿಂತ. ದೀಪ ಆರಿತು.

ಟಕ್... ಕ್ಯಾಮೆರಾ ಕಟ್ಟಿದ ಬೆಲ್ಟಿನ ಕೊಂಡಿ ಬಿಚ್ಚಿದ ಸದ್ದು. ಆಮೇಲೆ ಪರ್... ಪರ್... ತೊಗಟೆಗೆ ಪ್ಲಾಸ್ಟಿಕ್ ಉಜ್ಜುವ ಸದ್ದು. ಮೊದಲ ಕ್ಯಾಮೆರಾದ ಬಳಿ ಯಾರೋ ಕುಕ್ಕರಗಾಲಲ್ಲಿ ಕೂತಿದ್ದರು.

"ಭಾವ," ಎಂದು ಪಿಸುಗುಟ್ಟಿದ. "ಸಿಕ್ಕಿಬಿದ್ರಿ."

"ಆಚೆ ಸರಿ."

"ನಿಮ್ಮ ಜಿದ್ದಿಗೆ ನನ್ನ ಹೊಟ್ಟೆ ಮೇಲೆ ಹೊಡೀತೀರಾ?"

"ನೋಡೋದೇ ಆದ್ರೆ... ಬಾವಿ ನೋಡು."

ಅವನು ಹೋಗಿ ಮಣಿಕಟ್ಟು ಹಿಡಿದ. ದೀಪ ಮಿನುಗಿತು. ಹಿಡಿದ ಕೈ ಬಾವಿಯೊಳಗಿನ ಕಲ್ಲಿನಂತೆ ತಣ್ಣಗಿತ್ತು. ಅದು ತಿರುಗಿ ಅವನ ಮಣಿಕಟ್ಟು ಹಿಡಿಯಿತು... ಬಿಗಿಯಾಗಿ... ತುಂಬಾ ಹೊತ್ತು. ಅವನು ಅಲ್ಲಾಡಲಿಲ್ಲ. ದೀಪ ಆರಿತು.

ಆಮೇಲೆ ಅದು ಕೈ ಬಿಟ್ಟು ಎದ್ದು, ಎದುರು ಕ್ಯಾಮೆರಾದ ಮುಂದೆಯೇ ಹಾದು, ಬಾವಿಗೆ ಇಳಿಯಿತು.

ದೀಪ ಮಿನುಗಲಿಲ್ಲ.

ಅವನು ಓಡಿ ಅಕ್ಕನ ಮನೆ ಬಾಗಿಲು ತಟ್ಟಿದ. ಕದ ತೆಗೆದದ್ದು ಭಾವ, ನಿದ್ದೆಗಣ್ಣಲ್ಲಿ. "ಏನೋ, ನರಿ ಅಟ್ಟಿಸ್ಕೊಂಡು ಬಂತಾ?"

ಬೆಳಿಗ್ಗೆ ಮೇಡಂ ಬಂದರು. ತಮಾಷೆ ನೋಡಲು ಭಾವನೂ ಬಂದ. ಮೊದಲ ಕ್ಯಾಮೆರಾ ಬಾವಿ ನೋಡುತ್ತಿತ್ತು.

"ಫೋಟೊ ಎಲ್ಲಿ?"

"ಸ್ವಿಚ್ ಮರೆತೆ ಮೇಡಂ. ಆದ್ರೆ ಅದು ಹಾದಾಗ ದೀಪ ಮಿನುಗಲಿಲ್ಲ."

"ಹಾಗಾದ್ರೆ ಇದು ಕೆಟ್ಟಿದೆ." ಅವರು ಎದುರು ಮರದ ಕ್ಯಾಮೆರಾಗೆ ಹೊಸ ಬ್ಯಾಟರಿ ಹಾಕಿ ಅದರ ಮುಂದೆ ನಡೆದರು. ದೀಪ ಮಿನುಗಿತು. ಭಾವ ಎದೆಯುಬ್ಬಿಸಿ ನಡೆದ. ಮಿನುಗಿತು.

"ನನಗೂ ಜೀವ ಇದೆ ಅಂತ ನಿಮ್ಮ ಯಂತ್ರಕ್ಕಾದ್ರೂ ಗೊತ್ತಾಯ್ತಲ್ಲ," ಎಂದ.

"ಈಗ ನೀನು," ಎಂದರು ಮೇಡಂ.

ಪುರಾವೆ ನಡೆದ. ಏನೂ ಇಲ್ಲ. ಕೈ ಬೀಸಿದ, ಕುಣಿದ. ಏನೂ ಇಲ್ಲ. ಭಾವನ ನಗು ನಿಂತಿತು.

ಕೆಲಸ ಹೋಯಿತು. ಅವನು ಈಗಲೂ ಪಕ್ಕದ ಮನೆಯಲ್ಲೇ ಇದ್ದಾನೆ. ಹೊಟ್ಟೆ ತುಂಬ ಉಣ್ಣುತ್ತಾನೆ, ಜ್ವರ ಬಂದರೆ ಥರ್ಮಾಮೀಟರ್ ಏರುತ್ತದೆ. ಬ್ಯಾಂಕಿನಲ್ಲಿ ಎದುರು ನಿಂತರೆ ತಾನೇ ತೆರೆಯುವ ಗಾಜಿನ ಬಾಗಿಲಿದೆಯಲ್ಲ, ಅದು ಮಾತ್ರ ಅವನಿಗೆ ತೆರೆಯುವುದಿಲ್ಲ. ಇನ್ನೊಬ್ಬರು ಬರುವವರೆಗೆ ಹೊರಗೆ ಕಾಯುತ್ತಾನೆ.

ಇದು ಕೇಳಿದ ಮಾತಲ್ಲ, ಮೊನ್ನೆ ಕಣ್ಣಾರೆ ಕಂಡದ್ದು. ಅವನು ಎದುರು ನಿಂತೇ ಇದ್ದ, ಹಿಂದೆ ಬಂದವರಿಗೆ ಬಾಗಿಲು ತೆರೆಯಿತು.