ಒಂದೇ ಸಲ ಮಿನುಗಿದ ದೀಪ

ಹಿಡಿದ ಮಳೆ ಬಿಡುವ ಲಕ್ಷಣವೇ ಇರಲಿಲ್ಲ. ಕೊನೆಯ ಬಸ್ಸುಗಳೆಲ್ಲ ಡಿಪೋದಲ್ಲೇ ನಿಂತುಬಿಟ್ಟಿದ್ದವು. ನಾವು ಐದಾರು ಜನ ಒದ್ದೆ ಅಂಗಿಗಳನ್ನು ಬೆಂಚಿನ ಮೇಲೆ ಹರಡಿ ವಿಶ್ರಾಂತಿ ಕೋಣೆಯಲ್ಲಿ ಕೂತಿದ್ದೆವು. ನನ್ನ ಬಸ್ಸಿನ ಡ್ರೈವರ್, ಎಲ್ಲರ ಬಾಯಲ್ಲೂ ಗುಂಡಣ್ಣ, ಹೆಡ್‌ಲೈಟಿಗೆ ಶಾಪ ಹಾಕುತ್ತಿದ್ದ. ಮಳೆಗೆ ಮುಂಚೆ, ಕತ್ತಲಾದ ಕೂಡಲೇ, ಹಾಕಿ ನೋಡಿದರೆ ಒಂದೇ ಸಲ ಮಿನುಗಿ ಸತ್ತುಹೋಯಿತಂತೆ.

ಆಮೇಲೆ ಗೇಟು ಮುಚ್ಚಿಕೊಂಡು ಕಾವಲುಗಾರ ತಾತ ಬಂದರು. ಎಂದಿನಂತೆ ಬಲಗೈಯನ್ನು ತೊಡೆಯಡಿ ಅದುಮಿಟ್ಟುಕೊಂಡೇ ಕೂತರು. ಆ ಕೈಗೇನಾಗಿದೆ ಎಂದು ಕೆಣಕಿದೆವು.

"ಕೈಗೇನೂ ಆಗಿಲ್ಲ ಕಣ್ರಪ್ಪಾ, ಅದೇ ತೊಂದರೆ... ಸೈನ್ಯದಲ್ಲಿ ನಂದು ದೀಪದ ಕೆಲಸ. ಗುಡ್ಡದ ಠಾಣೆ, ದೀಪ ಮಿನುಗಿಸಿ ಮಿನುಗಿಸಿ ಮಾತು ಕಳಿಸೋದು. ಆ ಕಡೆಯವನು ಓದ್ಕೊಂಡ ಅಂದ್ರೆ ಒಂದೇ ಸಲ ಮಿನುಗಿಸ್ತಾನೆ, 'ಮುಟ್ಟಿತು' ಅಂತ. ಮುಟ್ಟಿತು ಅಂದ್ಮೇಲೆ ಆ ಕೆಲಸ ಅವನದ್ದು, ತಪ್ಪಿಸ್ಕೊಳ್ಳೋ ಹಾಗಿಲ್ಲ. ಊಟಕ್ಕೆ ಕೂತ್ರೂ ಬೆರಳು ಅದನ್ನೇ ಕುಟ್ತಾ ಇರೋದು. ನನ್ನ ತಮ್ಮನೂ ಅಲ್ಲೇ ಸೇರಿದ, ನಾನೇ ಕಲಿಸಿದೆ. 'ಚಿಕ್ಕವನನ್ನ ನೋಡ್ಕೋ' ಅಂತ ಅಮ್ಮ ನನ್ನ ಕೈಗೇ ಒಪ್ಪಿಸಿದ್ದಳು...

"ಆ ವರ್ಷ ಆಕಾಶದಲ್ಲಿ ಒಂದು ಬೆಳಕು. ಗುಡ್ಡದ ನೆತ್ತಿ ಮೇಲೆ ಅಲ್ಲಾಡದೆ ನಿಲ್ಲೋದು. ವಿಮಾನವಾ? ಸದ್ದೇ ಇಲ್ಲ. ಶತ್ರುವಾ? ಏನೂ ಮಾಡ್ತಿಲ್ಲ. ತನಿಖೆಗೆ ಮೇಜರ್ ಸಾಹೇಬ್ರು ಬಂದ್ರು, ಲಾರಿಯಿಂದ ದುರ್ಬೀನು, ಕ್ಯಾಮೆರಾ ಎಲ್ಲ ಇಳೀತು. ಒಂದೇ ಅಪ್ಪಣೆ: ನೋಡಿ, ಬರೀರಿ, ಉತ್ತರ ಮಾತ್ರ ಕೊಡ್ಬೇಡಿ. ಮೂರನೇ ರಾತ್ರಿ ಅದು ಮಿನುಗೋಕೆ ಶುರುಮಾಡ್ತು, ನಮ್ಮದೇ ಸಂಕೇತದಲ್ಲಿ! 'ಬದಲಿ ಕಳಿಸಿ' ಅಂತ. ಪಹರೆಯವನು ಬದಲಿ ಆಳು ಬರದೆ ಜಾಗ ಬಿಡೋ ಹಾಗಿಲ್ಲ, ಅಲ್ವಾ? ಗೋಪುರದ ಮೇಲಿದ್ದವನು ನನ್ನ ತಮ್ಮ. ಓದಿದ... ಅಪ್ಪಣೆ ನೆನಪಾಗೋಕೆ ಮುಂಚೆ ಬೆರಳು ಟಪ್ ಅಂತ ಒಂದೇ ಸಲ ಒತ್ತಿಬಿಡ್ತು.

"ಬೆಳಿಗ್ಗೆ ಗೋಪುರದಲ್ಲಿ ಅವನಿಲ್ಲ. ಕೆಳಗೆ ಹುಲ್ಲಲ್ಲಿ ಒಂದು ಅಸ್ಥಿಪಂಜರ, ನಮ್ಮಪ್ಪನ ಕಾಲದ ಸಮವಸ್ತ್ರ ತೊಟ್ಟಿತ್ತು. ಬದಲಿ ಸಿಕ್ತು, ಮೇಲಿದ್ದ ಹಳೇ ಪಹರೆಯವನು ಇಳಿದು ಬಂದ...

"ರಾತ್ರಿ ಬೆಳಕು ಮತ್ತೆ ಬಂತು. ಸಾಹೇಬ್ರು ನನ್ನನ್ನ ದುರ್ಬೀನಿನ ಮುಂದೆ ಕೂರಿಸಿದ್ರು. ಒಬ್ಬೊಬ್ಬರ ಅಕ್ಷರ ಬೇರೆ ಇದ್ದ ಹಾಗೆ ದೀಪ ಒತ್ತೋ ಕೈಯೂ ಬೇರೆ. ನನ್ನ ತಮ್ಮ ಕೊನೇ ಮಿನುಗನ್ನ ಒಂಚೂರು ಎಳೀತಿದ್ದ, ಎಷ್ಟು ಬೈದ್ರೂ ತಿದ್ಕೊಂಡಿರ್ಲಿಲ್ಲ. ಅಲ್ಲೂ ಹಾಗೇ ಎಳೀತಿದ್ದ, 'ಬದಲಿ ಕಳಿಸಿ ಅಣ್ಣಾ' ಅಂತ. 'ಈ ಕೈ ಯಾರದ್ದು, ಗೊತ್ತಾ?' ಅಂದ್ರು ಸಾಹೇಬ್ರು. ಗೊತ್ತು ಅಂದಿದ್ರೆ ಮೇಲೆ ಹತ್ತಿಸೋದು ಯಾರನ್ನ? ಹೆದರಿದೆ ಕಣ್ರಪ್ಪಾ. 'ಗೊತ್ತಿಲ್ಲ ಸಾಹೇಬ್ರೇ' ಅಂದೆ. ಬೆಳಕು ಯಾವುದೋ ಗ್ರಹ, ಸಿಪಾಯಿ ಓಡಿಹೋದ ಅಂತ ಬರೆದು ಕಡತ ಮುಚ್ಚಿದ್ರು. ನಾನೂ ರುಜು ಹಾಕಿದೆ. ಓಡಿಹೋದವನು ಬಂದಾನು ಅಂತ ಅಮ್ಮ ಸಾಯೋವರೆಗೂ ಬಾಗಿಲಿಗೆ ಅಗುಳಿ ಹಾಕ್ಲಿಲ್ಲ."

ಮಳೆ ಸಣ್ಣಗಾಗಿತ್ತು.

"ನಲವತ್ತು ವರ್ಷ ಆಯ್ತು. ಮೋಡ ಇಲ್ದಿರೋ ರಾತ್ರಿ ಇಲ್ಲೂ ಬರ್ತಾನೆ, ನಮ್ಮ ಡಿಪೋ ಹಿಂದಿನ ಗುಡ್ಡದ ಮೇಲೆ. ಅದಕ್ಕೇ ಈ ಕೈ ಅದುಮಿಡೋದು. ಅವನ ಮಾತು ಓದೋಕೆ ಬರೋನು ಇಲ್ಲಿ ನಾನೊಬ್ಬನೇ. ಆದ್ರೆ ಓದ್ಲೇಬೇಕು ಅಂತೇನೂ ಇಲ್ಲ ನೋಡಿ... ಯಾರಾದ್ರೂ ಆ ಕಡೆ ದೀಪ ಒಂದೇ ಸಲ ಮಿನುಗಿಸಿದ್ರೂ ಸಾಕು."

ಗುಂಡಣ್ಣನ ಮುಖ ಬಿಳಿಚಿಕೊಂಡಿತು. "ತಾತಾ... ನನ್ನ ಬಸ್ಸು ಗುಡ್ಡದ ಕಡೆಗೇ ನಿಂತಿತ್ತು. ಹೆಡ್‌ಲೈಟು ಹಾಕಿ ನೋಡ್ದೆ, ಆಗಿನ್ನೂ ಮೋಡ ಕವಿದಿರ್ಲಿಲ್ಲ," ಎಂದು ತೊದಲಿದ.

ತಾತ ಅವನ ಕಡೆ ತಿರುಗಿದರು. ಬಲಗೈ ಮೆಲ್ಲಗೆ ಹೊರಗೆ ಬಂತು, ಮತ್ತೆ ತೊಡೆಯಡಿ ಸೇರಿಕೊಂಡಿತು.

"ಮನೇಲಿ ಯಾರ್ಯಾರು ಇದ್ದಾರೆ ಮಗಾ? ಒಂದು ಫೋನ್ ಮಾಡಿಬಿಡು," ಎಂದರು. "ಬೆಳಿಗ್ಗೆ ಅಂಗಳದಲ್ಲಿ ನನ್ನ ತಮ್ಮ ಸಿಕ್ಕಿದ್ರೆ... ಈ ಸಲ ಗೊತ್ತಿಲ್ಲ ಅನ್ನಲ್ಲ."